ವಾಸನೆ ಎಂಬ ಕಾಲಂ

ಶುಕ್ರವಾರ ಬೆಳಿಗ್ಗೆ ನಾನೂ ಭಾವನೂ ಫಹಾಹೀಲ್‌ನ ಮೀನು ಮಾರುಕಟ್ಟೆಗೆ ಹೊರಟಾಗ ಅಕ್ಕ ಬಾಗಿಲಲ್ಲಿ ನಿಂತು ನನಗೆ ಹೇಳುತ್ತಿದ್ದ ಮಾತು ಒಂದೇ: “ನೀನು ಚೀಲ ಹಿಡ್ಕೊಂಡ್ರೆ ಸಾಕು. ಮೀನು ಅವರು ನೋಡ್ತಾರೆ.”

ಭಾವ ಮೀನನ್ನು ನೋಡುತ್ತಿರಲಿಲ್ಲ, ಮೂಸುತ್ತಿದ್ದರು. ಕಿವಿರು ಎತ್ತಿ, ಮೂಗನ್ನು ಒಂದು ಗೇಣು ದೂರದಲ್ಲೇ ನಿಲ್ಲಿಸಿ, “ಮೊನ್ನೆಯದ್ದು” ಎಂದು ಕೆಳಗಿಡುತ್ತಿದ್ದರು. ಅಲ್ಲಿದ್ದ ಬಾಂಗ್ಲಾದೇಶಿ ವ್ಯಾಪಾರಿ ಅವರನ್ನು ದೂರದಿಂದ ಕಂಡಕೂಡಲೇ ಪಕ್ಕದವನಿಗೆ ಕೂಗುತ್ತಿದ್ದ: “ಮುದೀರ್ ಸಾಬ್ ಆಗಯಾ, ಪುರಾನಾ ಮಾಲ್ ಅಂದರ್ ರಖೋ!” ಹಳೇ ಮಾಲು ಒಳಗಿಡು ಎಂದು. ಮುದೀರ್ ಎಂದರೆ ಮ್ಯಾನೇಜರ್. ಭಾವ ಮ್ಯಾನೇಜರ್ ಆಗಿರಲಿಲ್ಲ. ಆದರೆ ಅವರ ಮೂಗಿಗೆ ಆ ಮಾರುಕಟ್ಟೆಯಲ್ಲಿ ಅಷ್ಟು ಮರ್ಯಾದೆ ಇತ್ತು.

ಆ ಮೂಗಿಗೇ ಅವರಿಗೆ ಕೆಲಸವೂ ಸಿಕ್ಕಿತ್ತು. ಮೀನಾ ಅಬ್ದುಲ್ಲಾದ ಆಚೆ, ಶುಐಬಾ ಬಂದರಿಗೆ ಹತ್ತಿರವಾಗಿ ಒಂದು ಖಾಸಗಿ ಕಂಪನಿಯ ಕುಲುಮೆ ಇತ್ತು. ಹೊರದೇಶಗಳಿಂದ ಕಂಟೇನರ್‌ಗಳಲ್ಲಿ ಕಸ ಬರುತ್ತಿತ್ತು. ಅದನ್ನು ಉರಿಸಿ, ಆ ಬಿಸಿಯಿಂದ ಹಬೆ ಮಾಡಿ, ಸುತ್ತಲಿನ ಕಾರ್ಖಾನೆಗಳಿಗೆ ಪೈಪಿನಲ್ಲಿ ಕೊಡುತ್ತಿದ್ದರು. ಇದು ಎರಡು ಸಾವಿರದ ಇಸವಿಯ ನಂತರದ ದಶಕದ ಮಾತು. ನಾನು ಆಗ ಕುವೈತ್ ಸಿಟಿಯ ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಆ ಕುಲುಮೆಯ ಬಗ್ಗೆ ಕಂಪನಿ ಕಳಿಸಿದ ಪ್ರಕಟಣೆಯನ್ನು ತಿದ್ದಿ ಒಳಪುಟಕ್ಕೆ ಹಾಕಿದವನೂ ನಾನೇ. ತಿದ್ದುವಾಗ ಎದ್ದ ಪ್ರಶ್ನೆಯನ್ನು ಭಾವನಿಗೆ ಕೇಳಿದ್ದೆ. ಎಣ್ಣೆಯ ಮೇಲೆ ಕೂತಿರುವ ದೇಶಕ್ಕೆ ಹಡಗಿನಲ್ಲಿ ಕಸ ತರಿಸಿ ಉರಿಸುವ ಅಗತ್ಯವೇನು?

“ಇಲ್ಲಿಯ ಕಸ ಉರಿಯುದಿಲ್ಲ ಮಾರಾಯ,” ಎಂದಿದ್ದರು ಭಾವ. “ಅರ್ಧ ಅನ್ನ, ಅರ್ಧ ಮರಳು. ಅಲ್ಲಿಯದ್ದು ಒಣ ಕಾಗದ, ಪ್ಲಾಸ್ಟಿಕ್. ಬೆಂಕಿ ತೋರಿಸಿದ್ರೆ ಸಾಕು. ಮತ್ತೆ ಅವರಿಗೂ ಅದು ಅವರ ಊರು ಬಿಟ್ಟು ಹೋದ್ರೆ ಆಯ್ತಲ್ಲ.”

ಭಾವನ ಕೆಲಸ ಕಂಟೇನರ್ ತೆರೆಸುವುದು. ಒಮ್ಮೆ ಹಗಲು ಹೊತ್ತಿನಲ್ಲಿ ಪಾಸ್ ಮಾಡಿಸಿಕೊಂಡು ಹೋಗಿ ಅದನ್ನು ಕಣ್ಣಾರೆ ನೋಡಿದ್ದೇನೆ. ಸೀಲು ಕತ್ತರಿಸಿ, ಎರಡೂ ಬಾಗಿಲು ತೆಗೆದು, ಎಲ್ಲರೂ ಗಾಳಿ ಬರುವ ಬದಿಗೆ ಸರಿದು ನಿಲ್ಲುತ್ತಿದ್ದರು. ಹತ್ತು ನಿಮಿಷ ಕಳೆದ ಮೇಲೆ ಭಾವ ಒಬ್ಬರೇ ಬಾಗಿಲ ಪಕ್ಕಕ್ಕೆ ಹೋಗಿ, ತಲೆ ಓರೆ ಮಾಡಿ, ಕಣ್ಣು ಮುಚ್ಚಿ, ಒಂದು ಸಣ್ಣ ಉಸಿರು ಎಳೆಯುತ್ತಿದ್ದರು. ಗ್ಯಾಸ್ ಮೀಟರ್ ಒಂದು ಇತ್ತು. ಅದು ಕೆಲವು ಅನಿಲಗಳನ್ನಷ್ಟೇ ಹಿಡಿಯುತ್ತಿತ್ತು. ಕಾಗದಪತ್ರದಲ್ಲಿ ‘ಒಣ ಕಸ’ ಎಂದು ಬರೆದು ಒಳಗೆ ಆಸ್ಪತ್ರೆಯ ಕಸ, ಪೇಂಟಿನ ಡಬ್ಬಿ, ಸತ್ತ ಕೋಳಿ ತುಂಬಿಸಿ ಕಳಿಸುವವರಿದ್ದರು. ಅದನ್ನು ಹಿಡಿಯುತ್ತಿದ್ದುದು ಭಾವನ ಮೂಗು. ರಿಜಿಸ್ಟರಿನಲ್ಲಿ ಕಂಟೇನರ್ ನಂಬರು, ಹಡಗು, ತೂಕದ ನಂತರ ‘ವಾಸನೆ’ ಎಂಬ ಕಾಲಂ ಇತ್ತು. ಸರಿಯಿಲ್ಲದಿದ್ದರೆ ಅಲ್ಲಿ ಕೆಂಪು ಶಾಯಿಯಲ್ಲಿ ಬರೆದು ಕಂಟೇನರನ್ನು ಮೂಲೆಗೆ ತಳ್ಳಿಸುತ್ತಿದ್ದರು. ಸರಿಯಿದ್ದರೆ ‘ಇಲ್ಲ’ ಎಂದು ಬರೆದು, ಫೋರ್ಕ್‌ಲಿಫ್ಟ್ ಕಡೆ ತಿರುಗಿ ಒಂದೇ ಶಬ್ದ ಹೇಳುತ್ತಿದ್ದರು: “ಯಲ್ಲಾ.”

‘ನಡೆ’ ಎಂಬರ್ಥದ ಆ ಅರಬ್ಬಿ ಶಬ್ದ ಬೀಳುವ ತನಕ ಫೋರ್ಕ್‌ಲಿಫ್ಟ್ ಅಲುಗುತ್ತಿರಲಿಲ್ಲ. ಅದರ ಚಾಲಕ ಉಳ್ಳಾಲದ ಕಡೆಯ ಬ್ಯಾರಿ ಮುಸಲ್ಮಾನ, ಐವತ್ತು ದಾಟಿದವರು, ದೊಡ್ಡ ಮೈಕಟ್ಟು, ಹಲ್ಲು ಕೆಂಪು, ಮಾತು ಜಾಸ್ತಿ. ಭಾವ ಅವರನ್ನು ‘ಬ್ಯಾರಿಗಳೇ’ ಎನ್ನುತ್ತಿದ್ದರು, ಅವರು ಭಾವನನ್ನು ‘ಪೊರ್ಬುಗಳೇ’ ಎನ್ನುತ್ತಿದ್ದರು. ಊರಿನಲ್ಲಿ ಕ್ರೈಸ್ತರನ್ನು ಹಾಗೆ ಕರೆಯುವ ರೂಢಿ. ಹನ್ನೊಂದು ವರ್ಷ ಒಟ್ಟಿಗೆ ಕೆಲಸ ಮಾಡಿದರೂ ಇಬ್ಬರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಅವರ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

ನಾನು ಹೋದ ದಿನ ತೆರೆದ ಬೇಲುಗಳಲ್ಲಿ, ಎಂದರೆ ಒತ್ತಿ ಕಟ್ಟಿದ ಕಸದ ಮೂಟೆಗಳಲ್ಲಿ, ಕ್ರಿಸ್ಮಸ್ ಕಾಗದ, ಮೊಸರಿನ ಡಬ್ಬಿಗಳು, ನನಗೆ ಓದಲು ಬಾರದ ಭಾಷೆಯ ಪತ್ರಿಕೆಗಳು ಇದ್ದವು. ಡಬ್ಬಿಗಳೆಲ್ಲ ತೊಳೆದಿದ್ದವು.

“ನೋಡಿ ಪೇಪರಿನವರೇ,” ಎಂದರು ಬ್ಯಾರಿ ನನಗೆ. “ಅಲ್ಲಿಯವರು ಕಸವನ್ನೂ ತೊಳೆದು ಬಿಸಾಡ್ತಾರೆ. ನಮ್ಮ ರೂಮಿನ ಬಟ್ಟಲು ಇಷ್ಟು ಕ್ಲೀನ್ ಇಲ್ಲ.”

“ನಿಮ್ಮ ರೂಮಿಗೆ ನಾನು ಬಂದ್ರೆ ರಿಜೆಕ್ಟ್ ಅಂತ ಬರಿಬೇಕಾದೀತು,” ಎಂದರು ಭಾವ.

“ಬರೀರಿ ಪೊರ್ಬುಗಳೇ, ವಾಪಸ್ ಊರಿಗೆ ಕಳಿಸ್ತಾರಾದ್ರೆ ಬರೀರಿ.”

ಭಾವನಿಗೆ ವಾಸನೆ ಹೋದದ್ದು ಒಂದು ಚಳಿಗಾಲದಲ್ಲಿ. ಜೋರು ಶೀತ, ನಾಲ್ಕು ದಿನ ಜ್ವರ. ಜ್ವರ ಬಿಟ್ಟಿತು, ಮೂಗು ಮಾತ್ರ ಮರಳಲಿಲ್ಲ. ಶೀತವೇ ಕಾರಣವೋ, ಅಷ್ಟು ವರ್ಷ ಮೂಸಿದ ಕಂಟೇನರ್‌ಗಳು ಕಾರಣವೋ ನನಗೆ ಗೊತ್ತಿಲ್ಲ. ವೈದ್ಯರಿಗೆ ತೋರಿಸಿದ್ದರೆ ತಿಳಿಯುತ್ತಿತ್ತೇನೋ. ತೋರಿಸಲಿಲ್ಲ. ಕಂಪನಿಯ ಇನ್ಶೂರೆನ್ಸ್ ಕಾರ್ಡಿನಲ್ಲಿ ತೋರಿಸಿದರೆ ಕಂಪನಿಗೆ ತಿಳಿಯುತ್ತಿತ್ತು.

ನನಗೆ ಅದು ಗೊತ್ತಾದದ್ದು ಮೀನಿನಿಂದ. ಆ ಶುಕ್ರವಾರ ಭಾವ ಎಂದಿನಂತೆ ಕಿವಿರು ಎತ್ತಿ ಮೂಸಿ, ತಲೆಯಾಡಿಸಿ, ಎರಡು ದೊಡ್ಡ ಮಾಂಜಿ ಮೀನು ಹಾಕಿಸಿಕೊಂಡರು. ವ್ಯಾಪಾರಿ ಒಂದು ಕ್ಷಣ ಅವರ ಮುಖವನ್ನೇ ನೋಡಿದ. ಆಗ ನನಗೆ ಅರ್ಥವಾಗಲಿಲ್ಲ. ಮನೆಯಲ್ಲಿ ಅಕ್ಕ ಚೀಲ ಬಿಚ್ಚಿದವಳೇ ಮುಖ ಹಿಂದೆ ಎಳೆದಳು. ಅಕ್ಕನ ಮಗಳು, ನನ್ನ ಹತ್ತು ವರ್ಷದ ಸೊಸೆ, ಟಿವಿ ಮುಂದಿನಿಂದಲೇ, “ಡ್ಯಾಡಿ, ಇಟ್ಸ್ ಸ್ಟಿಂಕಿಂಗ್!” ಎಂದಳು.

“ಎಂತ ಇದು? ನಿಮ್ಮ ಮೂಗಿಗೂ ಇವತ್ತು ರಜೆಯಾ?” ಎಂದು ಅಕ್ಕ ನಕ್ಕಳು.

“ಐಸ್ ಜಾಸ್ತಿ ಇತ್ತು. ಗೊತ್ತಾಗ್ಲಿಲ್ಲ,” ಎಂದರು ಭಾವ. ಮೀನನ್ನು ಅವರೇ ಕೆಳಗೆ ಒಯ್ದು ಬಿಸಾಡಿ ಬಂದರು. ನಾನೂ ಜೊತೆಗೆ ಹೋದೆ. ಕಟ್ಟಡದ ಹಿಂಬದಿಯ ಕಸದ ಪೆಟ್ಟಿಗೆಯ ಪಕ್ಕ, ಬಿಸಿಲಿನಲ್ಲಿ, ಮುಚ್ಚಳ ತೆರೆದೇ ಹಿಡಿದು ಅವರು ನಿಂತರು. ನಾನು ಮೂಗು ಮುಚ್ಚಿಕೊಂಡಿದ್ದೆ.

“ನಿನಗೆ ತುಂಬ ಬರ್ತದಾ?” ಎಂದು ಕೇಳಿದರು.

“ಬರ್ತದೆ.”

“ನನಗೆ ಎಂತದ್ದೂ ಇಲ್ಲ. ಒಂದು ತಿಂಗಳಾಯ್ತು. ಕಾಫಿ ಇಲ್ಲ, ಪೆಟ್ರೋಲ್ ಇಲ್ಲ. ಮೊನ್ನೆ ಅಡುಗೆಮನೆಯಲ್ಲಿ ಕಣ್ಣು ಮುಚ್ಚಿ ಎಲ್ಲ ಡಬ್ಬಿ ತೆಗೆದು ನೋಡಿದೆ. ಲವಂಗವೂ ಇಂಗೂ ಒಂದೇ.”

ಯಾರಿಗೂ ಹೇಳಬಾರದು ಎಂದರು. ಅಕ್ಕನಿಗೂ. ನಾನು ಕಂಪನಿಗೆ ಹೇಳಿ ಎಂದೆ. ಬೇರೆ ವಿಭಾಗಕ್ಕೆ ಹಾಕಬಹುದು ಎಂದೆ.

“ಯಾವ ವಿಭಾಗ? ನನ್ನ ಸರ್ಟಿಫಿಕೇಟ್ ಎಂತ ಉಂಟು? ಮೂಗು ಹೋದವನ ಇಕಾಮಾ ಯಾರು ರಿನ್ಯೂ ಮಾಡ್ತಾರೆ? ನನ್ನದು ಹೋದ್ರೆ ಇವರಿಬ್ಬರದ್ದೂ ಹೋಗ್ತದೆ. ಮಗಳಿಗೆ ಊರಿನ ಶಾಲೆಯಲ್ಲಿ ಕನ್ನಡ ಓದ್ಲಿಕ್ಕೂ ಬರುದಿಲ್ಲ.”

ಇಕಾಮಾ ಎಂದರೆ ಅಲ್ಲಿ ಇರಲು ಕೊಡುವ ಪರವಾನಗಿ. ಭಾವನದ್ದರ ಬೆನ್ನಿಗೆ ಅಕ್ಕನದ್ದೂ ಸೊಸೆಯದ್ದೂ ಅಂಟಿಕೊಂಡಿದ್ದವು. ಅವರ ಮಾತು ನಿಜವಾಗಿತ್ತು. ಆಮೇಲೆ ಕೇಳಿದೆ: ಮತ್ತೆ ಕಂಟೇನರ್‌ಗಳನ್ನು ಹೇಗೆ ನೋಡುತ್ತೀರಿ?

“ಬ್ಯಾರಿಯ ಮುಖ ನೋಡ್ತೇನೆ,” ಎಂದರು.

ಬಾಗಿಲು ತೆರೆದಾಗ ಬ್ಯಾರಿ ಫೋರ್ಕ್‌ಲಿಫ್ಟ್‌ನ ಸೀಟಿನಲ್ಲಿ ಕೂತಿರುತ್ತಿದ್ದರು. ಕೆಟ್ಟ ವಾಸನೆ ಬಂದರೆ ಅವರ ಮೂಗಿನ ಬುಡ ಸುಕ್ಕುಗಟ್ಟುತ್ತಿತ್ತು. ಆಸ್ಪತ್ರೆಯ ವಾಸನೆಗೆ ತುಟಿ ಒಳಗೆ ಹೋಗುತ್ತಿತ್ತು, ಪೇಂಟಿನ ವಾಸನೆಗೆ ಕಣ್ಣು ಸಣ್ಣದಾಗುತ್ತಿತ್ತು. ಹನ್ನೊಂದು ವರ್ಷದಿಂದ ಎದುರಿಗಿದ್ದ ಮುಖ. ಭಾವ ಅದನ್ನು ಓದಿ ‘ವಾಸನೆ’ಯ ಕಾಲಂ ತುಂಬತೊಡಗಿದರು. ಮೂಸುವ ನಟನೆ ಮಾಡಿ, ತಿರುಗಿ, ಮುಖ ನೋಡಿ, ಆಮೇಲೆ ಯಲ್ಲಾ. ಚಳಿಗಾಲ ಕಳೆಯಿತು, ಮರಳುಗಾಳಿಯ ತಿಂಗಳುಗಳು ಕಳೆದವು, ಒಂದೂ ತಪ್ಪಲಿಲ್ಲ. ಒಂದು ಕಂಟೇನರಿನಲ್ಲಿ ಸಿರಿಂಜುಗಳನ್ನೂ ಹಾಗೆಯೇ ಹಿಡಿದರು. ನಾನು ಮತ್ತೆ ಆ ಮಾತು ಎತ್ತಲಿಲ್ಲ. ಏಳು ತಿಂಗಳು ನನಗೆ ಗೊತ್ತಿತ್ತು. ಪತ್ರಿಕೆಯಲ್ಲಿ ಕೆಲಸ ಮಾಡುವವನಿಗೆ, ಇಂಥದ್ದು ಗೊತ್ತಿದ್ದೂ ಸುಮ್ಮನಿರುವುದಕ್ಕೆ ಏನನ್ನುತ್ತಾರೆಂದೂ ಗೊತ್ತಿತ್ತು.

ಆ ವರ್ಷ ರಂಜಾನ್ ಬಂದದ್ದು ಸೆಕೆ ಇನ್ನೂ ಇಳಿಯದ ಕಾಲದಲ್ಲಿ. ಉಪವಾಸದ ತಿಂಗಳಿಡೀ ಬ್ಯಾರಿ ಕೆಲಸದ ಹೊತ್ತಿನಲ್ಲಿ ಹೆಗಲ ಮೇಲಿನ ಟವೆಲನ್ನು, ಅವರ ಬೈರಾಸವನ್ನು, ಮೂಗು ಬಾಯಿಗೆ ಸುತ್ತಿಕೊಳ್ಳುತ್ತಿದ್ದರು. ಕಸದ ಧೂಳನ್ನೂ ಹೊಗೆಯನ್ನೂ ಗೊತ್ತಿದ್ದೂ ಒಳಗೆಳೆದುಕೊಂಡರೆ ಉಪವಾಸ ಹಾಳಾಗುತ್ತದೆ ಎಂಬುದು ಅವರ ನಂಬಿಕೆ. ಪ್ರತಿ ವರ್ಷವೂ ಹಾಗೆಯೇ ಮಾಡುತ್ತಿದ್ದರಂತೆ. ಭಾವ ಪ್ರತಿ ವರ್ಷವೂ ನೋಡಿದ್ದರು. ಆದರೆ ಹಿಂದಿನ ವರ್ಷಗಳಲ್ಲಿ ಆ ಬೈರಾಸದಿಂದ ಅವರಿಗೆ ಆಗಬೇಕಾದದ್ದೇನೂ ಇರಲಿಲ್ಲ.

ಮುಂದಿನದ್ದನ್ನು ನಾನು ನೋಡಿಲ್ಲ. ಭಾವ ಹೇಳಿದ್ದು, ಆಮೇಲೆ ಬ್ಯಾರಿ ಹೇಳಿದ್ದು, ಇವೆರಡನ್ನು ಸೇರಿಸಿ ಬರೆಯುತ್ತಿದ್ದೇನೆ.

ರಂಜಾನಿನ ಮೊದಲ ದಿನಗಳಲ್ಲಿ ಭಾವ ಕಂಟೇನರ್‌ಗಳನ್ನು ಹತ್ತರ ಬದಲು ಮೂವತ್ತು ನಿಮಿಷ ತೆರೆದಿಡುತ್ತಿದ್ದರು. ಎರಡನೆಯ ವಾರ ಒಂದು ಹಡಗು ಬಂತು. ಯಾರ್ಡಿನಲ್ಲಿ ಜಾಗವಿರಲಿಲ್ಲ. ಕೆಲಸದ ಗಂಟೆಗಳು ಕಡಿಮೆ, ಮ್ಯಾನೇಜರ್ ಎರಡು ಸಲ ಬಂದು ಗಡಿಯಾರ ತೋರಿಸಿ ಹೋದ. ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಒಂದು ಕಂಟೇನರಿನ ಬಾಗಿಲು ತೆರೆದರು. ಭಾವ ಪಕ್ಕಕ್ಕೆ ಹೋಗಿ ಉಸಿರೆಳೆದರು, ತಿರುಗಿ ಬ್ಯಾರಿಯನ್ನು ನೋಡಿದರು. ಬೈರಾಸದ ಮೇಲೆ ಎರಡು ಕಣ್ಣುಗಳಷ್ಟೇ ಕಂಡವು. ಕಣ್ಣುಗಳು ಸಣ್ಣಗಾಗಿದ್ದವು. ಎದುರಿಗೆ ಬಿಸಿಲಿತ್ತು. ಬಿಸಿಲಿಗೆ ಎಂದುಕೊಂಡು ಭಾವ ‘ಇಲ್ಲ’ ಎಂದು ಬರೆದರು.

“ಯಲ್ಲಾ.”

ಮೂರನೆಯ ಸಾಲಿನ ಬೇಲಿನ ಹಿಂದೆ ಒಂದು ಡ್ರಮ್ಮಿತ್ತು, ಪ್ಲಾಸ್ಟಿಕ್ ಸುತ್ತಿ ಅಡಗಿಸಿಟ್ಟದ್ದು. ಫೋರ್ಕ್‌ಲಿಫ್ಟ್‌ನ ಕಬ್ಬಿಣದ ನಾಲಗೆ ಅದಕ್ಕೆ ಚುಚ್ಚಿತು. ಬ್ಯಾರಿ ಏನೆಂದು ನೋಡಲು ಇಳಿದರು, ಕಂಟೇನರಿನೊಳಗೆ ಎರಡು ಹೆಜ್ಜೆ ಹಾಕಿ ಬಿದ್ದರು. ಭಾವ ಉಸಿರು ಬಿಗಿಹಿಡಿದು ಒಳನುಗ್ಗಿ ಅವರ ಕಾಲು ಹಿಡಿದು ಹೊರಗೆಳೆದರು. ಡ್ರಮ್ಮಿನಲ್ಲಿ ಏನಿತ್ತು ಎಂಬುದನ್ನು ನಾನು ಆಮೇಲೆ ನಾಲ್ಕು ಕಡೆ ಕೇಳಿದ್ದೇನೆ. ಈಗಲೂ ಗೊತ್ತಿಲ್ಲ.

ಮಧ್ಯಾಹ್ನ ಸುದ್ದಿ ನನ್ನ ಮೇಜಿಗೇ ಬಂತು. ನಾಲ್ಕು ಸಾಲು ಬರೆದೆ: ಕೈಗಾರಿಕಾ ಪ್ರದೇಶದ ಒಂದು ಘಟಕದಲ್ಲಿ ರಾಸಾಯನಿಕ ಸೋರಿ ಒಬ್ಬ ಕಾರ್ಮಿಕ ಅಸ್ವಸ್ಥ, ಆಸ್ಪತ್ರೆಗೆ ದಾಖಲು, ತಪಾಸಣೆಯ ನಿಯಮಗಳನ್ನು ಪಾಲಿಸಲಾಗಿತ್ತು ಎಂದು ಕಂಪನಿ ತಿಳಿಸಿದೆ. ಕೊನೆಯ ಸಾಲು ಬರೆಯುವಾಗ ಅದು ಸುಳ್ಳೆಂದು ನನಗೆ ಗೊತ್ತಿತ್ತು. ‘ಕಂಪನಿ ತಿಳಿಸಿದೆ’ ಎಂದು ಸೇರಿಸಿದ್ದರಿಂದ ವಾಕ್ಯ ಸರಿಯಾಗಿತ್ತು.

ಬ್ಯಾರಿ ಬದುಕಿದರು. ಶ್ವಾಸಕೋಶ ಬದುಕಲಿಲ್ಲ ಎನ್ನಬೇಕು. ಮೂರನೆಯ ವಾರ ಸರ್ಕಾರಿ ಆಸ್ಪತ್ರೆಯಲ್ಲಿ ಸಂಜೆ ನಾಲ್ಕರ ಭೇಟಿಯ ಹೊತ್ತಿಗೆ ನಾನೂ ಭಾವನೂ ಹೋದೆವು. ಅಕ್ಕ ಕಟ್ಟಿಕೊಟ್ಟ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಇತ್ತು. ಬ್ಯಾರಿಯ ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿದ್ದರು. ನಾಲ್ಕು ಮಾತಿಗೊಮ್ಮೆ ನಿಲ್ಲಿಸಿ ಉಸಿರು ಕೂಡಿಸಿಕೊಳ್ಳುತ್ತಿದ್ದರು. ಆದರೂ ಮಾತು ಬಿಟ್ಟಿರಲಿಲ್ಲ.

“ಪೇಪರಿನವರು ಬಂದ್ರು. ನನ್ನ ಹೆಸರು ಯಾಕೆ ಹಾಕ್ಲಿಲ್ಲ? ಒಂದು ಫೋಟೋವಾದ್ರೂ ಹಾಕ್ಬೇಕಿತ್ತು.”

“ಫೋಟೋ ಹಾಕಿದ್ರೆ ಪೇಪರು ಯಾರು ತಗೊಳ್ತಾರೆ?” ಎಂದೆ. ನಕ್ಕರು. ನಗು ಕೆಮ್ಮಾಯಿತು. ನರ್ಸು ಬಂದು ನೋಡಿ ಹೋದಳು.

ಕೆಮ್ಮು ನಿಂತ ಮೇಲೆ ಅವರು ಭಾವನ ಕೈ ಹಿಡಿದುಕೊಂಡರು. “ಪೊರ್ಬುಗಳೇ, ಆಫೀಸಿನಿಂದ ಬಂದಿದ್ರು, ಹೇಳಿಕೆ ಬರ್ಕೊಳ್ಲಿಕ್ಕೆ. ನಾನು ವಾಸನೆ ಎಂತದ್ದೂ ಇರ್ಲಿಲ್ಲ ಅಂತ ಬರೆಸಿದ್ದೇನೆ. ಸೈನೂ ಹಾಕಿದೆ. ನೀವೂ ಹಾಗೇ ಹೇಳಿ.”



“ಬಂದಿತ್ತು,” ಎಂದರು ಬ್ಯಾರಿ ಸ್ವರ ತಗ್ಗಿಸಿ. “ಬಾಗಿಲು ತೆಗೆದಾಗಲೇ ಬಂದಿತ್ತು. ಬೈರಾಸದೊಳಗೂ ಬಂತು. ಹೆಂಗಸರು ಉಗುರಿಗೆ ಹಾಕುದಿಲ್ವಾ, ಆ ಬಣ್ಣದ ಹಾಗೆ. ಆದ್ರೆ ನೀವು ಯಲ್ಲಾ ಅಂದ್ರಲ್ಲ. ನಿಮ್ಮ ಮೂಗಿಗೆ ಸಿಕ್ಕದ್ದು ನನಗೆ ಸಿಕ್ಕುದುಂಟಾ? ಖಾಲಿ ಹೊಟ್ಟೆ, ಏನೋ ತಲೆ ತಿರುಗಿ ಹಾಗಾಗ್ತದೆ ಅಂತ ಅಂದ್ಕೊಂಡೆ.” ಉಸಿರು ಕೂಡಿಸಿಕೊಂಡರು. “ಒಂದು ದಿನ ಯಾರಿಗೂ ತಪ್ಪುತ್ತದೆ. ಅದನ್ನು ಬರೆಸಿದ್ರೆ ನಿಮಗೆ ಖಲಾಸ್. ನಿಮಗೆ ಸಣ್ಣ ಮಗಳುಂಟು.”

ಆ ಹೊತ್ತಿನಲ್ಲಿ ಭಾವ ಸುಮ್ಮನಿದ್ದಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಸುಮ್ಮನಿರುತ್ತಾರೆ ಎಂದೇ ನಾನು ಎಣಿಸಿದ್ದೆ. ಇರಲಿ ಎಂದು ಬಯಸಿದ್ದೆ ಕೂಡ. ಅದನ್ನೂ ಇಲ್ಲಿ ದಾಖಲಿಸಬೇಕು.

“ಬ್ಯಾರಿಗಳೇ,” ಎಂದರು ಭಾವ. “ಒಂದು ದಿನ ತಪ್ಪಿದ್ದಲ್ಲ. ನನಗೆ ಮೂಗೇ ಇಲ್ಲ. ಎಂಟು ತಿಂಗಳಾಯ್ತು.”

ಬ್ಯಾರಿ ಅವರನ್ನೇ ನೋಡಿದರು. ತಮಾಷೆ ಎಂದುಕೊಂಡಿರಬೇಕು, ತುಟಿ ಸ್ವಲ್ಪ ಅರಳಿತ್ತು.

“ಮತ್ತೆ ಇಷ್ಟು ದಿನ ಹೇಗೆ?”

“ನಿಮ್ಮ ಮುಖ ನೋಡಿ.”

“ನನ್ನ ಮುಖವಾ?”

“ಹೌದು. ಆವತ್ತು ಬೈರಾಸ ಇತ್ತು. ಕಾಣ್ಲಿಲ್ಲ.”

ಪಕ್ಕದ ಹಾಸಿಗೆಯವನ ರೇಡಿಯೋ ಸಣ್ಣಗೆ ಹಾಡುತ್ತಿತ್ತು. ಬ್ಯಾರಿ ತಮ್ಮ ಕೈಯನ್ನು ಭಾವನ ಕೈಯಿಂದ ಬಿಡಿಸಿಕೊಂಡರು. ಸಿಟ್ಟಿನಿಂದಲ್ಲ, ನಿಧಾನವಾಗಿ, ಒಂದೊಂದೇ ಬೆರಳು.

“ನಾನು ನಿಮ್ಮ ಮುಖ ನೋಡ್ತಿದ್ದೆ,” ಎಂದರು.

ಆಮೇಲೆ ಗೋಡೆಯ ಕಡೆ ತಿರುಗಿದರು. ನಳಿಗೆ ಎಳೆದಂತಾಯಿತು, ಅದನ್ನು ತಾವೇ ಸರಿಪಡಿಸಿಕೊಂಡರು. ಭೇಟಿಯ ಸಮಯ ಮುಗಿಯುವವರೆಗೆ ನಾವು ಕೂತಿದ್ದೆವು. ಅವರು ತಿರುಗಲಿಲ್ಲ. ಗಂಜಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟು ಬಂದೆವು.

ಮರುದಿನ ಭಾವ ಮ್ಯಾನೇಜರನ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕೆಲಸ ಹೋಗುತ್ತದೆ ಎಂದು ಅಕ್ಕನಿಗೂ ಹಿಂದಿನ ದಿನವೇ ಹೇಳಿದ್ದರು. ಅಕ್ಕ ಅತ್ತಳು, ಆಮೇಲೆ ಸೊಸೆಯ ಶಾಲೆಯ ಟಿಸಿಗೆ ಏನೇನು ಬೇಕು ಎಂದು ಕೇಳಿದಳು. ಅಷ್ಟಕ್ಕೆ ಅವರು ತಯಾರಾಗಿದ್ದರು. ಆದದ್ದು ಅದಲ್ಲ. ಮ್ಯಾನೇಜರ್ ಎಲ್ಲ ಕೇಳಿ, ಬಾಗಿಲು ಹಾಕಿ, ವರದಿ ಮುಗಿದಿದೆ ಎಂದನಂತೆ. ಚಾಲಕನೇ ವಾಸನೆ ಇರಲಿಲ್ಲ ಎಂದು ಸಹಿ ಹಾಕಿದ್ದಾನೆ. ಮೂಗಿಲ್ಲದವನು ಎಂಟು ತಿಂಗಳು ತಪಾಸಣೆ ಮಾಡಿದ್ದಾನೆ ಎಂದಾದರೆ ಅಷ್ಟೂ ಕಂಟೇನರ್‌ಗಳ ಕಾಗದಕ್ಕೆ ಬೆಲೆಯಿಲ್ಲ. “ಫೈಲ್ ಖಲಾಸ್. ಯಾರ್ಡಿಗೆ ಹೋಗು.”

ಭಾವ ಯಾರ್ಡಿಗೆ ಹೋದರು. ಹೊಸ ಚಾಲಕ ಬಂದಿದ್ದ. ಅವನ ಮುಖವನ್ನು ಭಾವ ನೋಡಲಿಲ್ಲ. ಬಾಗಿಲು ತೆರೆಸಿ, ಒಂದು ಗಂಟೆ ಕಾದು, ಪ್ರತಿ ಕಂಟೇನರಿಗೂ ‘ವಾಸನೆ’ಯ ಕಾಲಂನಲ್ಲಿ ಕೆಂಪು ಶಾಯಿಯಲ್ಲಿ ‘ಗೊತ್ತಿಲ್ಲ’ ಎಂದು ಬರೆದರಂತೆ. ನಾಲ್ಕು ದಿನ. ಐದನೆಯ ದಿನ ರಿಜಿಸ್ಟರನ್ನು ಅವರಿಂದ ತೆಗೆದುಕೊಂಡರು. ಬೂದಿ ತುಂಬುವ ಕಡೆ ಹಾಕಿದರು.

ನಾನು ಇದನ್ನು ನನ್ನ ಸಂಪಾದಕರಿಗೆ ಹೇಳಿದೆ. ಮೂಲ ಒಬ್ಬರೇ, ಅದೂ ನಿನ್ನ ಸಂಬಂಧಿ, ಎರಡನೆಯವರ ಹೇಳಿಕೆ ಸಹಿಯೊಂದಿಗೆ ಇದಕ್ಕೆ ವಿರುದ್ಧ ಇದೆ ಎಂದರು. ನಾನು ಅವರ ಜಾಗದಲ್ಲಿದ್ದರೂ ಹಾಗೆಯೇ ಹೇಳುತ್ತಿದ್ದೆ. ಬ್ಯಾರಿಯನ್ನು ಇನ್ನೊಮ್ಮೆ ಕೇಳಬಹುದಿತ್ತು. ಕೇಳಲಿಲ್ಲ. ನನ್ನ ನಾಲ್ಕು ಸಾಲಿಗೆ ತಿದ್ದುಪಡಿ ಬರಲಿಲ್ಲ.

ಹಬ್ಬ ಮುಗಿದ ಮೇಲೆ ಬ್ಯಾರಿಯನ್ನು ಊರಿಗೆ ಕಳಿಸಿದರು. ಕೆಲಸಕ್ಕೆ ಅನರ್ಹ ಎಂಬ ಕಾಗದದೊಂದಿಗೆ. ಭಾವ ವಿಮಾನ ನಿಲ್ದಾಣಕ್ಕೆ ಬರುತ್ತೇನೆಂದು ಹೇಳಿಕಳಿಸಿದ್ದರು. ಬ್ಯಾರಿಯ ರೂಮಿನ ಜೊತೆಗಾರ ನನಗೆ ಫೋನ್ ಮಾಡಿ, “ಬರುದು ಬೇಡ ಅಂತೆ. ಬಂದ್ರೂ ಹತ್ರ ಬರುದು ಬೇಡ ಅಂತೆ. ಪೊರ್ಬುಗಳಿಗೆ ಬೇಜಾರಾಗದ ಹಾಗೆ ನೀವೇ ಹೇಳಿ,” ಎಂದ. ನಾನು ಹಾಗೆಯೇ ಹೇಳಿದೆ.

ಭಾವ ಆದರೂ ಹೊರಟರು. ಮಧ್ಯಾಹ್ನದ ವಿಮಾನ. ವಿಮಾನ ನಿಲ್ದಾಣದ ಒಳಗೆ ಹಗ್ಗ ಬಿಗಿದು ಕಟ್ಟಿದ ಪೆಟ್ಟಿಗೆಗಳ ಸಾಲು, ಅಳುವವರು, ನಗುವವರು. ನಾವು ಒಂದು ಕಂಬದ ಹಿಂದೆ ನಿಂತೆವು. ಸ್ವಲ್ಪ ಹೊತ್ತಿನಲ್ಲಿ ಗಾಲಿಕುರ್ಚಿ ಬಂತು. ಜೊತೆಗಾರ ತಳ್ಳುತ್ತಿದ್ದ. ಮಡಿಲಲ್ಲಿ ಒಂದು ಸಣ್ಣ ಚೀಲ. ಅಂಥ ದೊಡ್ಡ ಮನುಷ್ಯ ಕುರ್ಚಿಯಲ್ಲಿ ಒಂದು ಮೂಲೆಗೆ ಸರಿದಂತೆ ಕೂತಿದ್ದರು. ಆಮ್ಲಜನಕದ ಮಾಸ್ಕು ಮುಖದ ಮುಕ್ಕಾಲು ಪಾಲು ಮುಚ್ಚಿತ್ತು. ನಮ್ಮ ನೇರಕ್ಕೆ ಬಂದಾಗ ತಲೆ ಈ ಕಡೆ ತಿರುಗಿತು. ನಮ್ಮನ್ನು ಕಂಡರೋ, ಬೋರ್ಡು ನೋಡಿದರೋ ಹೇಳಲಾರೆ. ಕುರ್ಚಿ ಒಳಗೆ ಹೋಯಿತು.

ಭಾವ ತುಂಬ ಹೊತ್ತು ಆ ಬಾಗಿಲನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

“ನಿನಗೆ ಕಂಡಿತಾ? ಮುಖ ಹೇಗಿತ್ತು?”

“ಮಾಸ್ಕ್ ಇತ್ತಲ್ಲ ಭಾವ,” ಎಂದೆ. “ಕಾಣ್ಲಿಲ್ಲ.”